ಕಾದಂಬರಿಯ ತ್ಯಾಗಿಗಳೂ ನನ್ನ ಕಿಡ್ನಿಯ ಕಲ್ಲೂ

ಚೆನ್ನೈನ ಕನ್ನಡಿಗರ ನಡುವೆ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಓಡಾಡುತ್ತಿದೆ. ಅಣ್ಣನಿಗೆ ಕಿಡ್ನಿ ಕೊಡಲು ಎಲ್ಲರಿಗಿಂತ ಮೊದಲು ಮುಂದೆ ಬಂದವನು ನಾನು, ಪಾಪ, ದೇಹ ಒಪ್ಪಲಿಲ್ಲ ಎಂದು. ಆ ಮಾತು ಸುಳ್ಳು. ನನ್ನ ದೇಹ ಒಪ್ಪಿತ್ತು. ಒಪ್ಪದವನು ನಾನು.

ನಾನು ಹದಿನೈದನೆಯ ವಯಸ್ಸಿಗೆ ಉಡುಪಿ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದೆ. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಆಗಲೇ ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಹೋಟೆಲಿನ ಮಹಡಿಯಲ್ಲಿ ಕೆಲಸದವರು ಮಲಗುವ ಉದ್ದನೆಯ ಕೋಣೆ. ಅದರ ಕಿಟಕಿ ಪಕ್ಕದ ತನ್ನ ಜಾಗವನ್ನು ಅಣ್ಣ ನನಗೆ ಬಿಟ್ಟುಕೊಟ್ಟ, ಓದಲು ಬೆಳಕು ಬೀಳುತ್ತದೆ ಎಂದು. ಅಲ್ಲಿ ಕೂತು ನಾನು ಪಠ್ಯಪುಸ್ತಕಕ್ಕಿಂತ ಹೆಚ್ಚು ಕಾದಂಬರಿ ಓದಿದೆ. ಹಳೆಯ ಕಾದಂಬರಿಗಳಲ್ಲಿ ಬೇರೆಯವರಿಗಾಗಿ ತನ್ನನ್ನೇ ಕೊಟ್ಟುಕೊಳ್ಳುವ ನಾಯಕರೆಂದರೆ ನನಗೆ ಜೀವ. ಗೆಳೆಯನ ಅಪರಾಧವನ್ನು ತಾನು ಹೊತ್ತುಕೊಂಡು ಸಾಯುವವನು, ತಮ್ಮಂದಿರಿಗಾಗಿ ಮದುವೆಯನ್ನೇ ಬಿಟ್ಟವನು, ಪ್ರೀತಿಸಿದವಳ ಸುಖಕ್ಕಾಗಿ ಊರು ಬಿಟ್ಟು ಹೋಗಿ ಎಲ್ಲೋ ಅನಾಮಿಕನಾಗಿ ಕಣ್ಣುಮುಚ್ಚುವವನು. ಕೊನೆಯ ಪುಟಗಳಿಗೆ ಬರುವ ಹೊತ್ತಿಗೆ ನನ್ನ ಕಣ್ಣು ತುಂಬಿರುತ್ತಿತ್ತು. ನಾನೂ ಅಂಥವನೇ ಎಂಬ ನಂಬಿಕೆ ಆ ಕಣ್ಣೀರಿನ ಜೊತೆಯಲ್ಲೇ ಬೆಳೆಯಿತು ಅಂತ ಕಾಣುತ್ತದೆ.

ಮುಂದೆ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಕೆಲಸಕ್ಕೆ ಸೇರಿದೆ. ಅಣ್ಣ ಅದೇ ಹೋಟೆಲಿನಲ್ಲಿ ಮೇಲೆ ಬಂದು ಮ್ಯಾನೇಜರ್ ಆಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತ. ನಮ್ಮಿಬ್ಬರ ನಡುವಿನವಳು ಅಕ್ಕ. ಅವಳನ್ನು ಉತ್ತರ ಚೆನ್ನೈನ ರಾಯಪುರಂಗೆ ಕೊಟ್ಟಿತ್ತು. ಭಾವನಿಗೆ ಬಂದರಿನಲ್ಲಿ ಗುಮಾಸ್ತನ ಕೆಲಸ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡ ಗ್ರೈಂಡರ್ ಇಟ್ಟುಕೊಂಡು ಇಡ್ಲಿ, ದೋಸೆ ಹಿಟ್ಟು ಮಾರುತ್ತಿದ್ದಳು. ಬೆಳಿಗ್ಗೆ ಕಾಸಿಮೇಡಿನಲ್ಲಿ ಮೀನಿನ ಹರಾಜು ಮುಗಿಸಿ ಬರುವ ಹೆಂಗಸರು ಅವಳ ಮೆಟ್ಟಿಲಲ್ಲಿ ಪಾತ್ರೆ ಹಿಡಿದು ನಿಲ್ಲುತ್ತಿದ್ದರು.

ಟಿ. ನಗರದ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಓದುಗರ ಕೂಟ ಸೇರುತ್ತದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ನಾನು ಕಾದಂಬರಿಗಳ ತ್ಯಾಗಿ ನಾಯಕರನ್ನು ಹೋಲಿಸಿ ಮಾತಾಡಿದ್ದೆ. ಎಲ್ಲರ ಎದುರು ಗಲ್ಲುಗಂಬ ಏರುವವನು ದೊಡ್ಡವನೋ, ಯಾರಿಗೂ ತಿಳಿಯದಂತೆ ತನ್ನ ಬದುಕನ್ನು ಬಿಟ್ಟುಕೊಡುವವನು ದೊಡ್ಡವನೋ ಎಂಬುದು ಪ್ರಶ್ನೆ. ಎರಡನೆಯವನೇ ದೊಡ್ಡವನು, ಅವನಿಗೆ ಚಪ್ಪಾಳೆಯ ಕೂಲಿ ಕೂಡ ಇಲ್ಲ ಎಂದು ನಾನು ತೀರ್ಪು ಕೊಟ್ಟೆ. ಆ ವಾಕ್ಯಕ್ಕೆ ಚಪ್ಪಾಳೆ ಬಿತ್ತು.

ಅಣ್ಣ ಹೋಟೆಲಿನಿಂದ ನೇರವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಹೊರಗೆ ಬಂದಾಗ ಕೇಳಿದ: "ಗಲ್ಲಿಗೆ ಹೋಗುವ ಮೊದಲು ಅವನಿಗೆ ಹೆದರಿಕೆ ಆಗ್ಲಿಲ್ವಾ?"

"ಆಗಿರಬಹುದು. ಪುಸ್ತಕದಲ್ಲಿ ಬರೆದಿಲ್ಲ," ಎಂದೆ.

"ಅದನ್ನು ಬರೀಬೇಕಿತ್ತು ಮಾರಾಯ," ಎಂದು ಅಣ್ಣ ಬಸ್ಸು ಹತ್ತಿದ.

ಅದಾಗಿ ಎರಡು ವರ್ಷಕ್ಕೆ ಅಣ್ಣನ ಕಾಲು ಊದತೊಡಗಿತು. ದಿನವಿಡೀ ಕೂತೇ ಇರುವುದರಿಂದ ಎಂದುಕೊಂಡು ಸುಮ್ಮನಿದ್ದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡೂ ಕಿಡ್ನಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ದಿನಕ್ಕೆ ಕುಡಿಯುವ ನೀರು, ಕಾಫಿ, ಸಾರು ಎಲ್ಲ ಸೇರಿ ಒಂದು ಲೀಟರ್ ದಾಟಬಾರದು. ಬದಲಿ ಕಿಡ್ನಿ ಸಿಕ್ಕಿದರೆ ಒಳ್ಳೆಯದು, ಮನೆಯವರಲ್ಲೇ ಯಾರಾದರೂ ಕೊಡುವುದಾದರೆ ಇನ್ನೂ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಅತ್ತಿಗೆಗೆ ಸಕ್ಕರೆ ಕಾಯಿಲೆ. ಅವರ ಒಬ್ಬಳೇ ಮಗಳ ರಕ್ತದ ಗುಂಪು ಬೇರೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ನಿಂತಿದ್ದೆವು. ಡಾಕ್ಟರು ಇನ್ನೂ ಮಾತು ಮುಗಿಸಿರಲಿಲ್ಲ, ನಾನು ಹೇಳಿಬಿಟ್ಟೆ: "ನಂದು ತಗೊಳ್ಳಿ. ಯೋಚನೆಯೇ ಬೇಡ."

ಅತ್ತಿಗೆ ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಹಿಡಿದು ಎತ್ತಿದೆ. ಅಣ್ಣನ ಮಗಳು ಇಲ್ಲೇ ಓದಿದವಳು, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. "ಚಿತ್ತಪ್ಪಾ, ನೀಂಗ ದಾನ್ ಎಂಗಳುಕ್ಕು ಕಡವುಳ್," ಎಂದು ಅತ್ತಳು. ನೀವೇ ನಮಗೆ ದೇವರು. ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಅಣ್ಣ ಉಳಿಯುತ್ತಾನೆ ಎಂಬ ಸಂತೋಷ ಮಾತ್ರ ಆಗಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಪರೀಕ್ಷೆಗಳು ಶುರುವಾದವು. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಹೃದಯದ ಪರೀಕ್ಷೆ. ಒಂದೊಂದರಲ್ಲೂ ಪಾಸಾಗುತ್ತ ಹೋದೆ. ಮೊದಲ ಎರಡು ವಾರ ಮನೆಯಲ್ಲಿ, ಕಾಲೇಜಿನಲ್ಲಿ ಎಲ್ಲರಿಗೂ ಫಲಿತಾಂಶ ಹೇಳಿಕೊಂಡು ತಿರುಗಿದೆ. ಮೂರನೆಯ ವಾರ ಸ್ಕ್ಯಾನ್ ಯಂತ್ರದ ಮೇಜಿನ ಮೇಲೆ ಮಲಗಿಸಿ ಕೈಯ ನರಕ್ಕೆ ಔಷಧ ಬಿಟ್ಟಾಗ ಮೈಯೆಲ್ಲ ಬಿಸಿಯಾಯಿತು. ಇದು ನಿಜವಾಗಿಯೂ ಆಗುತ್ತದೆ, ನನ್ನನ್ನು ಹೀಗೆಯೇ ಮಲಗಿಸಿ ಕೊಯ್ಯುತ್ತಾರೆ ಎಂದು ಮೊದಲ ಸಲ ಅನ್ನಿಸಿತು. ಹೊರಗೆ ಬಂದಾಗ ಅಂಗಿಯ ಗುಂಡಿ ಹಾಕಲು ಆಗಲಿಲ್ಲ.

ಅಂದಿನಿಂದ ಹೆದರಿಕೆ ನನ್ನನ್ನು ಬಿಡಲಿಲ್ಲ. ಪಾಠ ಮಾಡುವಾಗ ಕೈ ತಾನಾಗಿ ಸೊಂಟದ ಎಡಭಾಗಕ್ಕೆ ಹೋಗುತ್ತಿತ್ತು. ಹೆಂಡತಿ "ಬೇಡ" ಎಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಅವಳ ತಲೆಗೆ ಕಟ್ಟಬಹುದಿತ್ತು. ಅವಳು ಬೇಡ ಎನ್ನಲಿಲ್ಲ. ಕಾಲೇಜಿಗೆ ಎಷ್ಟು ದಿನ ರಜೆ ಬೇಕಾಗುತ್ತದೆ ಎಂದು ಮಾತ್ರ ಕೇಳಿದಳು. ಧೈರ್ಯ ಹುಡುಕಲು ನಾನು ನನ್ನ ಹಳೆಯ ಕಾದಂಬರಿಗಳನ್ನೇ ಕಪಾಟಿನಿಂದ ತೆಗೆದೆ. ಒಬ್ಬೊಬ್ಬ ನಾಯಕನೂ ನಿರ್ಧಾರ ಮಾಡುವ ಪುಟವನ್ನು ಹುಡುಕಿದೆ. ಎಲ್ಲ ಕಡೆಯೂ ಅದು ಒಂದು ಪ್ಯಾರಾ, ಹೆಚ್ಚೆಂದರೆ ಒಂದು ಪುಟ. ನಿರ್ಧಾರಕ್ಕೂ ಸಾವಿಗೂ ನಡುವೆ ಯಾವ ನಾಯಕನೂ ಐದು ವಾರ ಕಾಯುವುದಿಲ್ಲ. ಯಾವನನ್ನೂ ಯಾರೂ ಮೂತ್ರದ ಡಬ್ಬಿ ಕೊಟ್ಟು ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ಎಲ್ಲ ಪರೀಕ್ಷೆ ಮುಗಿದ ಮೇಲೆ ಆಸ್ಪತ್ರೆಯ ಒಬ್ಬ ಆಪ್ತಸಮಾಲೋಚಕಿ ನನ್ನೊಬ್ಬನನ್ನೇ ತಮ್ಮ ಕೋಣೆಗೆ ಕರೆದರು. ನಡುವಯಸ್ಸಿನ ಹೆಂಗಸು. ಕೊಡುವವರನ್ನೆಲ್ಲ ಹೀಗೆ ಒಂಟಿಯಾಗಿ ಮಾತಾಡಿಸುವುದು ಪದ್ಧತಿಯಂತೆ. ಬಾಗಿಲು ಹಾಕಿ ತಮಿಳಿನಲ್ಲಿ ಕೇಳಿದರು, ಯಾರಾದರೂ ಒತ್ತಾಯ ಮಾಡಿದ್ದಾರಾ, ನಿಮಗೆ ನಿಜವಾಗಿಯೂ ಇಷ್ಟವಿದೆಯಾ ಎಂದು. ಆಮೇಲೆ ಹೇಳಿದರು: "ಇಷ್ಟವಿಲ್ಲದಿದ್ದರೆ ಈಗಲೂ ಹೇಳಬಹುದು ಸಾರ್. ಹೊಂದಿಕೆಯಾಗಲಿಲ್ಲ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ. ಕಾರಣ ಯಾರಿಗೂ ಹೇಳುವುದಿಲ್ಲ."

"ನನಗೆ ಭಯ ಆಗ್ತದೆ ಮೇಡಂ" ಎಂದೆ. ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಅವರಿಗೆ ಅರ್ಥವಾಯಿತು.

"ಪರವಾಯಿಲ್ಲೆ ಸಾರ್. ಇದು ತಪ್ಪಲ್ಲ," ಎಂದು ಏನೋ ಬರೆದುಕೊಂಡರು. ಅಷ್ಟೇ. ಐದು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಅತ್ತಿಗೆ ಕಾಯುತ್ತಿದ್ದರು. ನಾನು ಸುಮ್ಮನಿದ್ದಿದ್ದರೆ ಆಸ್ಪತ್ರೆಯವರು ಒಂದು ಸಾಲು ಹೇಳಿ ಮುಗಿಸುತ್ತಿದ್ದರು. ಅತ್ತಿಗೆಯ ಮುಖ ನೋಡಿದ ಕೂಡಲೇ ನನ್ನ ಬಾಯಿಗೆ ಒಂದು ಕಥೆ ಬಂತು. "ನನ್ನ ಕಿಡ್ನಿಯಲ್ಲಿ ಕಲ್ಲು ಉಂಟಂತೆ ಅತ್ತಿಗೆ. ಸಣ್ಣದು. ಆದರೂ ಆಗ್ಲಿಕ್ಕಿಲ್ಲ ಅಂತಾರೆ," ಎಂದೆ. ನನ್ನ ಧ್ವನಿ ಒಡೆಯಿತು. ಅದು ನಟನೆಯೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅತ್ತಿಗೆ ತಮ್ಮ ಗಂಡನನ್ನು ಮರೆತು ನನ್ನ ಬೆನ್ನು ಸವರಿದರು. "ನೀವು ಬೇಜಾರು ಮಾಡ್ಕೊಳ್ಬೇಡಿ. ನಿಮ್ಮ ಮನಸ್ಸು ನಮಗೆ ಗೊತ್ತುಂಟಲ್ಲ."

ಮರುದಿನ ಬೆಳಿಗ್ಗೆ ಅಣ್ಣ ಫೋನ್ ಮಾಡಿದ. "ಕಲ್ಲಿಗೆ ಬಾಳೆದಿಂಡಿನ ರಸ ಒಳ್ಳೇದು. ಹೋಟೆಲಿನಲ್ಲಿ ಮಾಡಿಸಿ ಇಟ್ಟಿದ್ದೇನೆ. ಕಾಲೇಜಿಗೆ ಹೋಗುವಾಗ ಬಂದು ಕುಡಿದು ಹೋಗು." ನಾನು ಹೋದೆ. ಡಯಾಲಿಸಿಸ್ ಇಲ್ಲದ ದಿನ ಅಣ್ಣ ಗಲ್ಲಾಪೆಟ್ಟಿಗೆಯಲ್ಲಿ ಬಂದು ಕೂರುತ್ತಿದ್ದ, ತುಟಿ ಒಣಗಿ ಬಿಳುಚಿಕೊಂಡಿರುತ್ತಿತ್ತು. ಬಾಯಾರಿಕೆ ತಡೆಯಲಾರದೆ ಐಸಿನ ಒಂದು ಚೂರನ್ನು ಬಾಯಲ್ಲಿಟ್ಟುಕೊಂಡಿರುತ್ತಿದ್ದ. ಅವನೆದುರು ನಿಂತು ನಾನು ದೊಡ್ಡ ಲೋಟದ ತುಂಬ ಬಾಳೆದಿಂಡಿನ ರಸ ಕುಡಿಯುತ್ತಿದ್ದೆ. ಲೋಟ ಖಾಲಿಯಾಗುವವರೆಗೆ ಅವನು ನೋಡುತ್ತಿದ್ದ. "ಇನ್ನು ಸ್ವಲ್ಪ ಉಂಟು, ಬಿಡಬೇಡ," ಎನ್ನುತ್ತಿದ್ದ. ಒಂದು ತಿಂಗಳಿಗಿಂತ ಹೆಚ್ಚು ಕಾಲ ಇದು ನಡೆಯಿತು. ನನ್ನ ಬದುಕಿನಲ್ಲಿ ಅದಕ್ಕಿಂತ ಕೀಳಾದ ಕೆಲಸವನ್ನು ನಾನು ಮಾಡಿಲ್ಲ.

ನನ್ನ ಸುದ್ದಿ ಕೇಳಿದ ಎರಡನೆಯ ದಿನ ಅಕ್ಕ ರಾಯಪುರಂನಿಂದ ಬಸ್ಸಿನಲ್ಲಿ ಬಂದಳು. ಅಣ್ಣನ ಮಂಚದ ಪಕ್ಕ ಕೂತು, "ನಂದು ನೋಡ್ಲಿ," ಎಂದಳು. ಅಣ್ಣ ಬೇಡ ಎಂದ. ನಿನಗೆ ಐವತ್ಮೂರು ವಯಸ್ಸು, ಗ್ರೈಂಡರಿನ ಕೆಲಸ ಯಾರು ಮಾಡುವುದು ಎಂದ. "ಅದು ಮತ್ತೆ ನೋಡುವ," ಎಂದಳು. ಯಾರೂ ಅವಳ ಕಾಲಿಗೆ ಬೀಳಲಿಲ್ಲ. ಅತ್ತಿಗೆ ಅವಳಿಗೆ ಕಾಫಿ ಮಾಡಿಕೊಟ್ಟರು, ಅವಳು ಕುಡಿದು ಸಂಜೆಯ ಬಸ್ಸಿಗೆ ಹೋದಳು.

ಅವಳ ಪರೀಕ್ಷೆಗಳೆಲ್ಲ ಮೊದಲಿನಿಂದ ಆಗಬೇಕಾಯಿತು. ಆ ಎರಡು ತಿಂಗಳಲ್ಲಿ ಅಣ್ಣನ ಶ್ವಾಸಕೋಶದಲ್ಲಿ ನೀರು ತುಂಬಿ ಅವನು ಮೂರು ದಿನ ಐಸಿಯುವಿನಲ್ಲಿದ್ದ. ನಾನು ಗಾಜಿನ ಹೊರಗೆ ನಿಂತು ನೋಡಿದೆ. ನಾನು ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಅವನು ಮನೆಗೆ ಬಂದಿರುತ್ತಿದ್ದ ಎಂಬ ಲೆಕ್ಕ ಬೇಡವೆಂದರೂ ಮನಸ್ಸಿಗೆ ಬರುತ್ತಿತ್ತು. ಆಗಲಾದರೂ ಆ ಸಮಾಲೋಚಕಿಯ ಬಾಗಿಲು ತಟ್ಟಿ "ನಾನು ಸಿದ್ಧ" ಎನ್ನಬಹುದಿತ್ತು. ಅವರ ಕೋಣೆ ಕೆಳಗಿನ ಮಹಡಿಯಲ್ಲೇ ಇತ್ತು. ಕ್ಯಾಂಟೀನಿಗೆ ಹೋಗುವಾಗಲೆಲ್ಲ ಅದರ ಮುಂದೆ ಹಾದು ಹೋದೆ.

ಆಪರೇಷನ್ ಚೆನ್ನಾಗಿ ಆಯಿತು. ಅಣ್ಣನ ಮುಖಕ್ಕೆ ಬಣ್ಣ ಬಂತು. ಅಕ್ಕನಿಗೆ ನೋವು ಬೇಗ ಇಳಿಯಲಿಲ್ಲ. ಕೆಲವು ತಿಂಗಳು ಭಾರ ಎತ್ತಬಾರದು ಎಂದಿದ್ದರು. ಗ್ರೈಂಡರಿನಿಂದ ಹಿಟ್ಟು ತುಂಬಿದ ಪಾತ್ರೆ ಎತ್ತದೆ ಅವಳ ವ್ಯಾಪಾರ ನಡೆಯುವಂತಿರಲಿಲ್ಲ. ಭಾವ ಒಂದು ವಾರ ಪ್ರಯತ್ನಿಸಿ ಸೊಂಟ ಹಿಡಿದುಕೊಂಡರು. ಬಾಗಿಲು ಹಾಕಿದ ಆ ತಿಂಗಳುಗಳಲ್ಲಿ ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಹಿಟ್ಟಿನ ಅಂಗಡಿ ತೆರೆದರು. ಅವಳು ಮತ್ತೆ ಶುರು ಮಾಡುವಾಗ ಮೆಟ್ಟಿಲಲ್ಲಿ ನಿಲ್ಲುವವರು ನಾಲ್ಕೈದು ಜನ. ಕೊನೆಗೆ ಗ್ರೈಂಡರಿನ ಮೇಲೆ ಹಳೆಯ ಸೀರೆ ಹೊದಿಸಿ ಸುಮ್ಮನಾದಳು.

ಮಾರನೆಯ ವರ್ಷ ಓದುಗರ ಕೂಟದವರು ನನ್ನನ್ನು ಮತ್ತೆ ಕರೆದರು. ಅಂದು ಹೇಳಿದ ತ್ಯಾಗಿ ನಾಯಕರ ವಿಷಯವನ್ನೇ ಇನ್ನಷ್ಟು ವಿಸ್ತಾರವಾಗಿ ಮಾತಾಡಬೇಕಂತೆ. ಬೇರೆ ವಿಷಯ ಕೊಡಿ ಎಂದು ಹೇಳಲು ಬಾಯಿ ಬರಲಿಲ್ಲ, ಯಾಕೆ ಎಂದು ಕೇಳಿದರೆ ನಿಜ ಹೇಳಬೇಕಾಗುತ್ತಿತ್ತು. ಅಣ್ಣ, ಅತ್ತಿಗೆ, ಅಕ್ಕ ಮೂವರೂ ಬಂದು ಎರಡನೆಯ ಸಾಲಿನಲ್ಲಿ ಕೂತರು. ಸಂಘದ ಕಾರ್ಯದರ್ಶಿ ತಲೆಮಾರುಗಳಿಂದ ಇಲ್ಲೇ ನೆಲೆಸಿದ ವೈಷ್ಣವ ಮನೆತನದವರು, ಬ್ಯಾಂಕಿನಿಂದ ನಿವೃತ್ತರು, ಬಹಳ ಒಳ್ಳೆಯ ಮನುಷ್ಯ. ಅವರು ನನ್ನ ಪರಿಚಯ ಮಾಡಿಕೊಟ್ಟರು.

"ತ್ಯಾಗದ ಬಗ್ಗೆ ಪುಸ್ತಕ ಓದಿ ಮಾತಾಡೋರು ರೊಂಬ ಜನ ಇದ್ದಾರೆ," ಎಂದರು. "ಇವರು ಹಾಗಲ್ಲ. ಸ್ವಂತ ಅಣ್ಣನಿಗೆ ಕಿಡ್ನಿ ಕೊಡೋದಕ್ಕೆ ಒಂದು ಕ್ಷಣವೂ ಯೋಚನೆ ಮಾಡದೆ ಮುಂದೆ ಬಂದೋರು. ದೈವಚಿತ್ತ ಬೇರೆ ಇತ್ತು. ಇವರ ಅಕ್ಕನೂ ಇಲ್ಲಿದ್ದಾರೆ, ಆಮೇಲೆ ಅವರು ಕೊಟ್ಟರು. ಎಂಥ ಕುಟುಂಬ ನೋಡಿ."

ಜನ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ನಾನು ಎದ್ದು ನಿಂತೆ. ನಿಜ ಹೇಳಿಬಿಡಬೇಕು ಎಂದು ಅನ್ನಿಸಿತು, ಖಂಡಿತ ಅನ್ನಿಸಿತು. ಆದರೆ ನಾನು ಕಾಗದ ಬಿಡಿಸಿ ಓದತೊಡಗಿದೆ, ಮುಕ್ಕಾಲು ಗಂಟೆ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. ತನ್ನ ಪ್ರಾಣ ಕೊಟ್ಟವನನ್ನೂ ತನ್ನ ಪ್ರೀತಿ ಕೊಟ್ಟವನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ತೂಗಿದೆ.

ಕೊನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಕೇಳಿದರು: "ಈ ಕಾದಂಬರಿಗಳಲ್ಲಿ, ಕೊಡ್ತೀನಿ ಅಂತ ಮಾತು ಕೊಟ್ಟು ಹಿಂದೆ ಸರಿದೋರು ಯಾರೂ ಇಲ್ಲವೇ? ಅವರನ್ನು ಲೇಖಕರು ಹೇಗೆ ಚಿತ್ರಿಸ್ತಾರೆ?"

"ಅಂಥವರಿಗೆ ಲೇಖಕರು ಹೆಚ್ಚು ಜಾಗ ಕೊಡುವುದಿಲ್ಲ," ಎಂದೆ. ಜನ ನಕ್ಕರು. ಅಕ್ಕ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸಿದೆ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ರಾಯಪುರಂಗೆ ಹೋದೆ. ಭಾವ ಪೇಟೆಗೆ ಹೋಗಿದ್ದರು. ಅಕ್ಕ ನೆಲದ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ನಾನು ಎದುರು ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಗಿ, "ಅಕ್ಕ, ನಂಗೆ ಕಲ್ಲು ಇರ್ಲಿಲ್ಲ," ಎಂದೆ.

ಅವಳು ಬೀನ್ಸ್ ಬಿಡಲಿಲ್ಲ. "ಗೊತ್ತುಂಟು," ಎಂದಳು.

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಆ ಮೇಡಂ ನನ್ನನ್ನೂ ಒಳಗೆ ಕರೆದು ಬಾಗಿಲು ಹಾಕಿದ್ರು. ಇಷ್ಟ ಇಲ್ಲದಿದ್ರೆ ಹೇಳಮ್ಮ, ಹೊಂದಿಕೆ ಆಗ್ಲಿಲ್ಲ ಅಂತ ಹೇಳ್ತೇವೆ ಅಂದ್ರು. ಆಗ ನಿನ್ನ ನೆನಪಾಯ್ತು. ಎಲ್ಲ ಪಾಸಾದ ಮೇಲೆ ಕಲ್ಲು ಎಲ್ಲಿಂದ ಬಂತು ಅಂತ ಮೊದಲೇ ಒಂದು ಅನುಮಾನ ಇತ್ತು."

ಇನ್ನೊಂದು ಬೀನ್ಸ್ ಎತ್ತಿಕೊಂಡು ಅವಳೇ ಮುಂದುವರಿಸಿದಳು.

"ನಂಗೂ ಹೆದರಿಕೆ ಇತ್ತು ಮಾರಾಯ. ಆ ಕೋಣೆಯಲ್ಲಿ ನಂಗೂ ಬೇಡ ಅಂತ ಹೇಳುವ ಅನ್ನಿಸಿತು. ನಿಂಗೆ ಬೇಡ ಅಂದ್ರೆ ಹಿಂದೆ ನಾನಿದ್ದೆ. ನನ್ನ ಹಿಂದೆ ಯಾರಿದ್ರು?"

ಇಷ್ಟು ವರ್ಷ ಕಾದಂಬರಿಯ ತ್ಯಾಗಿಗಳನ್ನು ಹೋಲಿಸುತ್ತ ಬಂದ ನನಗೆ ಆ ಮಾತು ಒಮ್ಮೆಯೂ ಹೊಳೆದಿರಲಿಲ್ಲ. ಆ ನಾಯಕರು ಯಾಕೆ ಅಷ್ಟು ಸಲೀಸಾಗಿ ಮುಂದೆ ಹೋಗುತ್ತಾರೆಂದರೆ, ಬೇರೆ ಯಾರೂ ಇಲ್ಲದಂತೆ ಲೇಖಕರು ಮೊದಲೇ ಎಲ್ಲ ಬಾಗಿಲು ಮುಚ್ಚಿರುತ್ತಾರೆ. ಅಕ್ಕನ ಬಾಗಿಲು ಮುಚ್ಚಿದವನು ನಾನು. ಮುಚ್ಚಿ, ಆಮೇಲೆ ವೇದಿಕೆಯ ಮೇಲೆ ನಿಂತು ಅವಳ ಚಪ್ಪಾಳೆಯನ್ನೂ ತೆಗೆದುಕೊಂಡೆ.

"ತಪ್ಪಾಯ್ತು ಅಕ್ಕ," ಎಂದೆ.

"ಹೆದರಿದ್ದು ತಪ್ಪಲ್ಲ. ಅದನ್ನು ನಾನು ಯಾವಾಗಲೋ ಬಿಟ್ಟಿದ್ದೇನೆ," ಎಂದಳು. "ಅಣ್ಣನ ಎದುರು ನಿಂತು ಆ ರಸ ಕುಡಿದಿಯಲ್ಲ, ಅದು ನೆನಪಾದ್ರೆ ನಂಗೆ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ."

ಅವಳ ಧ್ವನಿ ಏರಲಿಲ್ಲ. ನಾನು, ಅಣ್ಣನಿಗೆ ಹೇಳಲಾ ಎಂದು ಕೇಳಿದೆ.

"ಅದನ್ನು ನನ್ನ ಹತ್ರ ಕೇಳ್ಬೇಡ. ಅದನ್ನೂ ನಾನೇ ಮಾಡ್ಬೇಕಾ?" ಎಂದಳು. ಬೀನ್ಸ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಇರು ಎನ್ನಲಿಲ್ಲ.

ಅಣ್ಣನಿಗೆ ಹೇಳಲು ನನಗೆ ಇನ್ನೂ ಮೂರು ವಾರ ಬೇಕಾಯಿತು. ಮಧ್ಯಾಹ್ನ ಊಟದ ಗಲಾಟೆ ಮುಗಿದು ಹೋಟೆಲು ಖಾಲಿಯಾಗುವ ಹೊತ್ತಿಗೆ ಹೋದೆ. ಅಣ್ಣ ಮೂಲೆಯ ಮೇಜಿನಲ್ಲಿ ಮಾತ್ರೆ ನುಂಗುತ್ತ ಕೂತಿದ್ದ. ಈ ಸಲ ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಕಾರಿಡಾರಿನ ಮಾತು, ಸ್ಕ್ಯಾನ್ ಕೋಣೆ, ಸಮಾಲೋಚಕಿ, ಕಲ್ಲು. ಅವನು ಮೇಜಿನ ಮೇಲೆ ಬಿದ್ದಿದ್ದ ನೀರಿನ ಹನಿಯನ್ನು ಬೆರಳಿನಿಂದ ಉದ್ದಕ್ಕೆ ಎಳೆಯುತ್ತಿದ್ದ.

ಕೊನೆಗೆ ಹೇಳಿದ: "ನನ್ನ ಹತ್ರ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಾನೇ ಬೇಡ ಅಂತಿದ್ದೆ."

ಗಿರಾಕಿಯೊಬ್ಬರು ಬಿಲ್ಲು ಹಿಡಿದು ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದರು. ಅಣ್ಣ ಎದ್ದು ಹೋದ. ನಾನು ಸ್ವಲ್ಪ ಹೊತ್ತು ಕಾದೆ. ಅವನು ಮತ್ತೆ ನನ್ನ ಮೇಜಿಗೆ ಬರಲಿಲ್ಲ.

ಸಂಘದ ಕಾರ್ಯದರ್ಶಿಗೂ ಹೇಳಲು ನೋಡಿದೆ. ನನ್ನ ಪರಿಚಯದಲ್ಲಿ ಆ ಮಾತು ಇನ್ನು ಮೇಲೆ ಬೇಡ, ಅದು ಸರಿಯಲ್ಲ ಎಂದೆ. ಅವರು ನನ್ನ ಕೈ ಹಿಡಿದುಕೊಂಡು, "ನಿಮ್ಮ ಈ ವಿನಯವೇ ದೊಡ್ಡದು ಸಾರ್," ಎಂದರು. ನಾನು ಇನ್ನೊಂದು ವಾಕ್ಯ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿದವರು ಇನ್ನು ಅದನ್ನು ವಿನಯ ಎನ್ನಲಾರರು.

ಅಣ್ಣ ನನ್ನೊಡನೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾನೆ, ನನ್ನ ಮಕ್ಕಳ ಓದು ವಿಚಾರಿಸುತ್ತಾನೆ. ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಆದರೆ ಚಿಕ್ಕಂದಿನಿಂದ "ಅದು ತಾ, ಇದು ಮಾಡು" ಎಂದು ನನಗೆ ಅಪ್ಪಣೆ ಮಾಡಿಯೇ ಗೊತ್ತಿದ್ದವನು ಈಗ ಕೇಳುತ್ತಾನೆ. ಕಳೆದ ವಾರ ಅವನ ಮಾತ್ರೆ ಮುಗಿದಿತ್ತು. ಔಷಧದ ಅಂಗಡಿ ನನ್ನ ಕಾಲೇಜಿನ ದಾರಿಯಲ್ಲೇ ಇದೆ. ಫೋನ್ ಮಾಡಿ, "ನಿಂಗೆ ತೊಂದರೆ ಇಲ್ಲದಿದ್ರೆ ಒಂದು ಸ್ಟ್ರಿಪ್ ತರ್ಲಿಕ್ಕೆ ಆಗ್ತದಾ?" ಎಂದ.

"ತರ್ತೇನೆ ಅಣ್ಣ," ಎಂದೆ.

"ಪುರಸೊತ್ತು ಇದ್ರೆ ಮಾತ್ರ," ಎಂದು ಅವನು ಫೋನ್ ಇಟ್ಟ.